ಇನ್ನೊಂದು ವಾಯಿದೆ

ಕಸ ಗುಡಿಸುವ ಹೆಂಗಸು ಕಿರುಚಿದ್ದು ಕೆಳಗಿನ ಔಷಧಿ ಅಂಗಡಿಯವನಿಗೂ ಕೇಳಿಸಿತು. ಶಟರನ್ನು ಅರ್ಧ ಎತ್ತಿದ್ದವನು ಹಾಗೇ ಬಿಟ್ಟು ಮೆಟ್ಟಿಲು ಹತ್ತಿ ಓಡಿದ.

ವಕೀಲರ ಕಚೇರಿಯ ಬಾಗಿಲು ಹಾರುಹೊಡೆದಿತ್ತು. ಒಳಗೆ ಕಕ್ಷಿದಾರರು ಕೂರುವ ಮರದ ಕುರ್ಚಿಯಲ್ಲಿ ವಕೀಲರೇ ಕೂತಿದ್ದರು. ಕೈಗಳನ್ನು ಕುರ್ಚಿಯ ಬೆನ್ನಿಗೆ ಬಿಗಿದಿತ್ತು. ಕಾಲುಗಳನ್ನು ಕುರ್ಚಿಯ ಕಾಲಿಗೆ ಬಿಗಿದಿತ್ತು. ಕಣ್ಣಿಗೆ ನೀಲಿ ಚೌಕಳಿಯ ಕರವಸ್ತ್ರ. ಬಾಯಲ್ಲಿ ಹತ್ತಿ. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಊತ. ಹಿಂದೆ ಉಕ್ಕಿನ ಬೀರು ಬಾಯಿ ತೆರೆದುಕೊಂಡು ನಿಂತಿತ್ತು.

ಪೊಲೀಸರು ಬರುವವರೆಗೆ ಏನನ್ನೂ ಮುಟ್ಟಬಾರದೆಂದು ಅಂಗಡಿಯವನು ಬಾಗಿಲಲ್ಲೇ ಕಾದ. ಠಾಣೆಯಿಂದ ಇನ್ಸ್‌ಪೆಕ್ಟರ್ ಬಂದಳು. ನಡುವಯಸ್ಸಿನ ಹೆಂಗಸು. ಅರ್ಧ ಸರ್ವೀಸನ್ನು ಕೋರ್ಟಿನ ಜಗಲಿಯಲ್ಲಿ ಸಾಕ್ಷಿ ಹೇಳಲು ಕಾದು ಕಾದೇ ಸವೆಸಿದವಳು. ವಕೀಲರೆಂದರೆ ಅವಳಿಗೆ ಅಷ್ಟಕ್ಕಷ್ಟೇ. ಕುರ್ಚಿಯಲ್ಲಿ ಕಟ್ಟಿಸಿಕೊಂಡು ಕೂತವರ ಮುಖ ನೋಡಿದ ಮೇಲಂತೂ ಅಷ್ಟೂ ಉಳಿಯಲಿಲ್ಲ.

ಆ ಮುಖ ಅವಳಿಗೆ ಚೆನ್ನಾಗಿ ಗೊತ್ತು. ಕೋರ್ಟಿನಲ್ಲಿ ಅವರನ್ನು ಎಲ್ಲರೂ ಕರೆಯುವುದು ವಾಯಿದೆ ವಕೀಲರು ಅಂತಲೇ. ಕೇಸು ಗೆಲ್ಲಿಸುವುದು ಅವರ ಕಸುಬಲ್ಲ, ಮುಂದೂಡಿಸುವುದು ಕಸುಬು. ಹಲ್ಲುನೋವು, ಷಡ್ಡಕನ ಮಗಳ ಮದುವೆ, ಕಡತಕ್ಕೆ ಇಲಿ ಬಿದ್ದದ್ದು, ಅವರು ಹೇಳದ ನೆಪವಿಲ್ಲ. ಒಂದು ಸಲ ಸೋದರತ್ತೆಯನ್ನೇ ಸಾಯಿಸಿ ವಾಯಿದೆ ಪಡೆದಿದ್ದರು. ಆ ಸೋದರತ್ತೆ ಮರುವಾರ ಅದೇ ಕೋರ್ಟಿಗೆ ತನ್ನ ಮನೆ ಬಾಡಿಗೆದಾರನ ಮೇಲೆ ದಾವೆ ಹೂಡಲು ನಡೆದುಕೊಂಡು ಬಂದಳು.

"ಗಂಟು ಬಿಚ್ಚಬೇಡ. ಗಂಟು ಹಾಗೇ ಇರಲಿ, ಪಕ್ಕದಲ್ಲಿ ಕತ್ತರಿಸು," ಎಂದಳು ದಫೇದಾರನಿಗೆ.

ದಫೇದಾರ ಕತ್ತರಿ ಹಾಕಿದ. ಕಟ್ಟಿದ್ದದ್ದು ಹಗ್ಗದಿಂದಲ್ಲ, ಕಡತ ಕಟ್ಟುವ ಬಿಳಿ ನೂಲಿನ ಪಟ್ಟಿಯಿಂದ. ವಕೀಲರ ಕಣ್ಣಿಂದ ಕರವಸ್ತ್ರ, ಬಾಯಿಂದ ಹತ್ತಿ ತೆಗೆದ.

"ಇವತ್ತು... ಇವತ್ತು ಕೋರ್ಟು," ಎಂದರು ವಾಯಿದೆ ವಕೀಲರು. "ವಾಯಿದೆ ಕೇಳಬೇಕು."

ಬದುಕಿ ಉಳಿದ ಮನುಷ್ಯನ ಮೊದಲ ಮಾತು ಅದು. ದಫೇದಾರ ನಗು ತಡೆಯಲು ಕೆಮ್ಮಿದ.

ಇನ್ಸ್‌ಪೆಕ್ಟರ್ ಲೋಟದಲ್ಲಿ ನೀರು ಕೊಟ್ಟಳು. ಗಟಗಟ ಕುಡಿಯುವಾಗ ಅರ್ಧ ನೀರು ಅವರ ನುಣುಪಾದ ಗದ್ದದ ಮೇಲಿಂದ ಜಾರಿ ಕಾಲರಿನೊಳಗೆ ಇಳಿಯಿತು.

"ಏನಾಯ್ತು ಹೇಳಿ."

"ನಿನ್ನೆ ಸಂಜೆ. ಗುಮಾಸ್ತ ಮನೆಗೆ ಹೋಗಿದ್ದ. ನಾನು ದೀಪ ಆರಿಸ್ತಿದ್ದೆ. ಹಿಂದಿನಿಂದ ಯಾರೋ ಹೊಡೆದರು. ಎಚ್ಚರ ಆದಾಗ ಹೀಗೆ. ರಾತ್ರಿಯಿಡೀ ಹೀಗೇ ಕೂತಿದ್ದೀನಮ್ಮ, ಕೂಗೋಕೂ ಆಗದೆ."

"ಹಿಂದಿನಿಂದ ಹೊಡೆದರೆ ಹಣೆ ಹೇಗೆ ಊದಿತು?"

"ತಿರುಗಿದೆ. ತಿರುಗುವಾಗ ಬಿತ್ತು ಏಟು."

"ಮನೆಯಲ್ಲಿ ಯಾರೂ ಹುಡುಕಲಿಲ್ವಾ?"

"ಹೆಂಡತಿ ಮಗಳ ಮನೆಗೆ ಹೋಗಿದ್ದಾಳೆ."

"ಹೋಗಿರೋದು ಏನು?"

ಅವರು ತೆರೆದ ಬೀರುವನ್ನು ನೋಡಿ ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರು ಕೋರ್ಟಿನಲ್ಲಿ ಅವಳು ಎಷ್ಟೋ ಸಲ ಕೇಳಿದ್ದೇ. "ಬ್ರೇಕು. ಬಿಸ್ಕತ್ತು ಫ್ಯಾಕ್ಟರಿ ಲಿಫ್ಟಿನ ಬ್ರೇಕಿನ ತುಂಡು. ಇವತ್ತು ಕೋರ್ಟಿಗೆ ಒಪ್ಪಿಸಬೇಕಿತ್ತು. ನಿನ್ನೆಯಷ್ಟೇ ತರಿಸಿ ಇಟ್ಟಿದ್ದೆ. ಬೇರೇನೂ ಮುಟ್ಟಿಲ್ಲ."

"ಯಾರ ಮೇಲಾದರೂ ಅನುಮಾನ?"

"ನಾನು ಯಾರ ಮೇಲೂ ಬೊಟ್ಟು ಮಾಡಲ್ಲ," ಎಂದವರು ತಕ್ಷಣವೇ ಬೊಟ್ಟು ಮಾಡಿದರು. "ಆ ಬಸ್ ಡ್ರೈವರ್ ಇದಾನಲ್ಲ, ಸತ್ತವಳ ಗಂಡ, ಹೋದ ಸಲ ಜಗಲಿಯಲ್ಲಿ ಎಲ್ಲರೆದುರೇ ಕೂಗಾಡಿದ. 'ನಿನ್ನ ಕೈಕಾಲು ಕಟ್ಟಿ ಹಾಕಿದ್ರೆ ವಾಯಿದೆ ಹೇಗೆ ಕೇಳ್ತೀಯ ನೋಡ್ತೀನಿ' ಅಂತ. ಈ ಕರವಸ್ತ್ರ ಯಾರದ್ದು ವಿಚಾರಿಸಿ."

"ಆ ತುಂಡು ಸಿಕ್ಕರೆ ಲಾಭ ಅವನಿಗೇ ಅಲ್ವಾ? ಅವನೇ ಯಾಕೆ ಕದೀತಾನೆ?"

"ಬ್ರೇಕು ಸರಿಯಾಗಿತ್ತಮ್ಮ! ತಜ್ಞರು ನೋಡಿದ್ದರೆ ಅದೇ ಗೊತ್ತಾಗ್ತಿತ್ತು. ಅದಕ್ಕೇ ಕದ್ದಿದ್ದಾನೆ."

ಉತ್ತರ ಬಾಯಲ್ಲೇ ಸಿದ್ಧವಿತ್ತು. ತಲೆಗೆ ಏಟು ಬಿದ್ದವರ ಬಾಯಲ್ಲಿ ಇಷ್ಟು ಸಿದ್ಧ ಉತ್ತರ ಅವಳು ಕಂಡಿರಲಿಲ್ಲ.

* * *

ದಾವೆ ಊರಿಗೆಲ್ಲ ಗೊತ್ತಿದ್ದದ್ದೇ. ಬಿಸ್ಕತ್ತು ಫ್ಯಾಕ್ಟರಿಯಲ್ಲಿ ಡಬ್ಬಗಳನ್ನು ಇಳಿಸುವ ಸಾಮಾನು ಲಿಫ್ಟು ಕುಸಿದು ಪ್ಯಾಕಿಂಗ್ ಕೆಲಸದ ಹೆಂಗಸೊಬ್ಬಳು ಸತ್ತಿದ್ದಳು. ಲಿಫ್ಟು ಗಟ್ಟಿಯಾಗೇ ಇತ್ತು, ಹತ್ತಬಾರದ ಕಡೆ ಹತ್ತಿ ಸತ್ತಳು ಎಂದಿತು ಕಂಪನಿ. ದಾವೆ ಹಾಕಿದ್ದು ಗಂಡನಲ್ಲ, ಅತ್ತೆ. ಬಟ್ಟೆ ಹೊಲಿಯುವ ಆ ಹೆಂಗಸನ್ನು ಎಲ್ಲರೂ ಟೈಲರಮ್ಮ ಎನ್ನುತ್ತಿದ್ದರು. ಅಂದಿನಿಂದ ಎರಡೂ ಕಡೆಯವರು ತಮ್ಮ ತಮ್ಮ ಸಾಕ್ಷ್ಯಗಳನ್ನು ಒಬ್ಬರಿಗೊಬ್ಬರು ತೋರಿಸಿ ಮುಗಿಸಲು ಕೋರ್ಟು ಗಡುವು ಕೊಡುತ್ತಲೇ ಇತ್ತು. ಕಂಪನಿಯ ಪರ ನಿಂತ ವಾಯಿದೆ ವಕೀಲರು ಅದನ್ನು ಬೆಳೆಸುತ್ತಲೇ ಇದ್ದರು. ಕೊನೆಗೆ ನ್ಯಾಯಾಧೀಶರಿಗೇ ಸಾಕಾಗಿ, ಇದೇ ಕೊನೆ, ಇನ್ನು ವಾಯಿದೆ ಇಲ್ಲ ಎಂದಿದ್ದರು. ಆ ಕೊನೆಯ ದಿನ ಇವತ್ತು.

ಟೈಲರಮ್ಮನ ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಗೆ ಒತ್ತಿ ಹೊಲಿಗೆ ಯಂತ್ರ. ಗೋಡೆಯಲ್ಲಿ ಕೊಕ್ಕೆಗೆ ಸಿಕ್ಕಿಸಿದ ಅರೆಬರೆ ಅಂಗಿಗಳು. ಪೊಲೀಸರನ್ನು ಕಂಡು ಆಕೆ ಕಾಲಿನ ಪೆಡಲು ನಿಲ್ಲಿಸಿದಳೇ ಹೊರತು ಎದ್ದು ನಿಲ್ಲಲಿಲ್ಲ.

"ಏನಂತೆ ಈಗ? ಅವರಿಗೆ ಮತ್ತೆ ಹಲ್ಲುನೋವಾ?"

ಇನ್ಸ್‌ಪೆಕ್ಟರ್ ಕರವಸ್ತ್ರವನ್ನು ಮುಂದೆ ಹಿಡಿದಳು. ಟೈಲರಮ್ಮ ಕನ್ನಡಕ ಸರಿಮಾಡಿಕೊಂಡು ಅಂಚು ನೋಡಿದಳು.

"ನಾನೇ ಹೊಲಿದದ್ದು. ಅಂಗಿಯಲ್ಲಿ ಮಿಕ್ಕ ಬಟ್ಟೆ. ನನ್ನ ಮಗನದ್ದು. ಎಲ್ಲಿ ಸಿಕ್ತು?"

ಮುಚ್ಚುಮರೆ ಇಲ್ಲ. ದಫೇದಾರ ಅಷ್ಟಕ್ಕೇ ಹಿಗ್ಗಿದ. ಒಳಗಿನಿಂದ ಡ್ರೈವರ್ ಬಂದ. ಎತ್ತರದ ಆಳು, ಕಣ್ಣು ಕೆಂಪು. ಹೆಂಡತಿ ಸತ್ತಂದಿನಿಂದ ಅವನಿಗೆ ನೆಟ್ಟಗೆ ನಿದ್ದೆ ಬಿದ್ದಂತಿರಲಿಲ್ಲ.

"ನಿನ್ನೆ ಸಂಜೆ ಎಲ್ಲಿದ್ದಿ?"

"ಡ್ಯೂಟೀಲಿ. ಕೊನೇ ಟ್ರಿಪ್ಪು ಮುಗಿಸಿ ಡಿಪೋದಲ್ಲೇ ಮಲಗಿದ್ದೆ. ಬಸ್ ತುಂಬ ಜನ ನೋಡಿದಾರೆ, ಕೇಳಿ ಬೇಕಾದ್ರೆ."

"ವಾಯಿದೆ ವಕೀಲರ ಕೈಕಾಲು ಕಟ್ತೀನಿ ಅಂದಿದ್ಯಾ?"

"ಅಂದಿದ್ದೆ," ಎಂದ ಅವನು. "ಕಟ್ಟಿದ್ರಾ ಯಾರಾದ್ರೂ? ಪುಣ್ಯಾತ್ಮರು."

"ಬಾಯಿ ಮುಚ್ಚೋ," ಎಂದಳು ತಾಯಿ. ಆಮೇಲೆ ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. ಬ್ರೇಕಿನ ತುಂಡು ಕಳುವಾದ ವಿಷಯ ಕೇಳಿದಾಗ ಮಾತ್ರ ಅವಳ ಕೈ ಯಂತ್ರದ ಮೇಲಿಂದ ಜಾರಿ ತೊಡೆಯ ಮೇಲೆ ಬಿತ್ತು.

"ಅಲ್ಲಿಗೆ ಮುಗೀತು," ಎಂದಳು. "ತಾಯಿ, ನಿಮಗೆ ಇದರ ಒಳಗಿನದ್ದು ಗೊತ್ತಿಲ್ಲ. ಲಿಫ್ಟು ನೋಡಿಕೊಳ್ತಿದ್ದ ಮೇಸ್ತ್ರಿ ಆಸ್ಪತ್ರೆಯಲ್ಲಿದಾನೆ. ಶ್ವಾಸಕೋಶ ಹೋಗಿದೆ. ಡಾಕ್ಟರು ಕೈ ಚೆಲ್ಲಿಬಿಟ್ಟಿದ್ದಾರೆ. ಇವತ್ತು ಅವನ ಹೇಳಿಕೆ ಬರೆದುಕೊಳ್ಳಬೇಕಿತ್ತು. ಇನ್ನೊಂದು ವಾಯಿದೆ ಸಿಕ್ಕಿದರೆ ಅವನೂ ಇಲ್ಲ, ತುಂಡೂ ಇಲ್ಲ. ನನ್ನ ಸೊಸೆ ತನ್ನ ತಪ್ಪಿಗೇ ಸತ್ತಳು ಅಂತ ಬರೆದು ಕೈ ತೊಳ್ಕೋತಾರೆ. ಅವಳ ಮಗಳು ಶಾಲೆಯಲ್ಲಿ ಅದನ್ನೇ ಕೇಳಿಸಿಕೊಂಡು ಬೆಳೀಬೇಕು."

"ನಿಮ್ಮ ವಕೀಲರು ಏನಂತಾರೆ?"

ಟೈಲರಮ್ಮನ ದನಿ ಮೆತ್ತಗಾಯಿತು. "ಅವರು ಧರ್ಮಾತ್ಮರು ತಾಯಿ. ಊರೇ ಹಾಗೆ ಕರೆಯೋದು. ಒಂದು ದಿನ ಫೀಸು ಅಂತ ಬಾಯಿಬಿಟ್ಟಿಲ್ಲ. ಸಮಾಧಾನ ಮಾಡ್ಕೊಳ್ಳಿ ಅಕ್ಕ, ಸಮಾಧಾನ ಮಾಡ್ಕೊಳ್ಳಿ ಅಂತಾರೆ, ಅಷ್ಟೇ. ವಾಯಿದೆ ಕೇಳಿದಾಗೆಲ್ಲ ಅವರೂ ಪಾಪ ಹೂಂ ಅಂದುಬಿಡ್ತಾರೆ. ಜಗಳ ಆಡೋ ಸ್ವಭಾವ ಅಲ್ಲ."

ಜಗಳ ಆಡದ ವಕೀಲ. ಇನ್ಸ್‌ಪೆಕ್ಟರ್ ಆ ಮಾತನ್ನು ನಾಲಿಗೆಯ ಮೇಲೆ ಹೊರಳಿಸಿ ನೋಡಿದಳು. ಕಚ್ಚದ ಸೊಳ್ಳೆಯನ್ನಾದರೂ ನಂಬಬಹುದು ಎನ್ನಿಸಿತು ಅವಳಿಗೆ.

"ಈ ಕರವಸ್ತ್ರ ಕೊನೆಗೆ ಎಲ್ಲಿ ನೋಡಿದ್ರಿ?"

ಡ್ರೈವರ್ ತಲೆ ಕೆರೆದುಕೊಂಡ. ಅವನಿಗೆ ನೆನಪಿಲ್ಲ. ತಾಯಿಗೆ ನೆನಪಿತ್ತು, ಬೈದಿದ್ದಳಲ್ಲ.

"ಧರ್ಮಾತ್ಮರ ಕಚೇರಿಯಲ್ಲಿ ಬಿಟ್ಟು ಬಂದ. ಮೊನ್ನೆ ಮೊನ್ನೆ. ಅಲ್ಲಿ ಫ್ಯಾನು ಕೆಟ್ಟಿತ್ತು. ಮುಖ ಒರೆಸಿ ಕಿಟಕಿ ಮೇಲೆ ಇಟ್ಟ. ಮನೆಗೆ ಬಂದ ಮೇಲೆ, ನೆಟ್ಟಗಿರೋದು ಅದೊಂದೇ, ಅದನ್ನೂ ಕಳೆದ್ಯಾ ಅಂತ ಬೈದೆ. ಫೋನ್ ಮಾಡಿದರೆ, ಇಲ್ಲೇ ಇದೆ ಅಕ್ಕ, ಕೋರ್ಟಿಗೆ ತಂದುಕೊಡ್ತೀನಿ ಅಂದ್ರು."

ಇನ್ಸ್‌ಪೆಕ್ಟರ್ ಕರವಸ್ತ್ರವನ್ನು ಮಡಚಿ ಚೀಲಕ್ಕೆ ಹಾಕಿದಳು.

"ಕೋರ್ಟಿಗೆ ಬನ್ನಿ, ಇಬ್ಬರೂ," ಎಂದಳು. ಮುಖದಲ್ಲಿ ಏನನ್ನೂ ತೋರಿಸಲಿಲ್ಲ.

* * *

ಜೀಪು ಹತ್ತಿದ ಮೇಲೆ ದಫೇದಾರ ಲೆಕ್ಕ ಹಾಕತೊಡಗಿದ.

"ಡಿಪೋದಲ್ಲಿ ಮಲಗಿದ್ದ ಅಂತಾನೆ ಮೇಡಂ. ಇರಬಹುದು. ಆದರೆ ಯಾರನ್ನಾದರೂ ಕಳಿಸಿರಬಹುದಲ್ಲ?"

"ಕಳಿಸಿ, ಗುರುತು ಸಿಗಲಿ ಅಂತ ತನ್ನ ಕರವಸ್ತ್ರವನ್ನೂ ಜೊತೆಗೆ ಕೊಟ್ಟನಾ?"

ದಫೇದಾರ ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದವನು. ಅಂಗೈಯಿಂದ ಕೆನ್ನೆ ಉಜ್ಜಿಕೊಂಡ. ಮರಳು ಕಾಗದ ಉಜ್ಜಿದ ಸದ್ದು ಬಂತು.

"ಮೇಡಂ, ನ್ಯಾಯಾಧೀಶರ ಮುಂದೆ ಹೋಗೋದಿದ್ದರೆ ಒಂದು ಗಳಿಗೆ ಮನೆ ಹತ್ತಿರ ಇಳಿಸಿ. ಗಡ್ಡ ಕೆರೆದು ಬಂದುಬಿಡ್ತೀನಿ. ಒಂದು ರಾತ್ರಿಗೇ ಹೀಗೆ ಬಂದುಬಿಡುತ್ತೆ."

ಇನ್ಸ್‌ಪೆಕ್ಟರ್ ತಿರುಗಿ ಅವನ ಕೆನ್ನೆಯನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು. ದಫೇದಾರನಿಗೆ ಮುಜುಗರವಾಯಿತು.

"ಏನು ಮೇಡಂ?"

"ಏನಿಲ್ಲ. ಕೆರೆಯಬೇಡ. ಹಾಗೇ ಬಾ."

ಬೆಳಿಗ್ಗೆ ನೀರು ಕುಡಿಸಿದ ಗದ್ದ ಅವಳ ಕಣ್ಣ ಮುಂದೆ ಬಂತು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕೋಣೆಯಲ್ಲಿ ಹಳೆ ಕಾಗದದ ವಾಸನೆಯ ಜೊತೆ ಇನ್ನೊಂದು ಘಮ ಇತ್ತು. ಗಡ್ಡ ಕೆರೆದ ಮೇಲೆ ಹಚ್ಚಿಕೊಳ್ಳುವ ನೀರಿನದ್ದು. ಆಗ ಅದು ಮೂಗಿಗೆ ಬಿದ್ದಿತ್ತು, ತಲೆಗೆ ಹತ್ತಿರಲಿಲ್ಲ.

ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ಹೇಸಿಗೆ. ಇಷ್ಟು ದೊಡ್ಡ ಸುಳ್ಳು ಹೇಳುವ ಮನುಷ್ಯ ಒಂದು ದಿನ ಗಡ್ಡ ಬಿಡಲಾರದೆ ಹೋದ. ಸತ್ತ ಹೆಂಗಸಿನ ಹೆಸರಿಗೆ ಮಸಿ ಬಳಿಯಲು ಹೊರಟವನು, ತಾನು ಮಾತ್ರ ನೀಟಾಗಿ ಕಾಣಬೇಕು!

* * *

ಕೋರ್ಟು ತುಂಬಿತ್ತು. ಸುದ್ದಿ ಹಬ್ಬಿತ್ತು. ಕಪ್ಪು ಕೋಟುಗಳು ಬಾಗಿಲವರೆಗೆ ನಿಂತಿದ್ದವು. ವಾಯಿದೆ ವಕೀಲರು ಬಂದಾಗ ಎಲ್ಲರೂ ದಾರಿ ಬಿಟ್ಟರು. ಬೆಳಿಗ್ಗೆ ನಿಂಬೆಹಣ್ಣಿನಷ್ಟಿದ್ದ ಊತಕ್ಕೆ ಈಗ ಇಡೀ ತಲೆ ಸುತ್ತುವಷ್ಟು ಬ್ಯಾಂಡೇಜು ಬಂದಿತ್ತು. ಜೂನಿಯರ್‌ನ ಹೆಗಲ ಮೇಲೆ ಕೈ ಹಾಕಿ, ಒಂದೊಂದೇ ಹೆಜ್ಜೆ ಇಡುತ್ತಾ, ಮದುವಣಗಿತ್ತಿ ನಡೆದ ಹಾಗೆ ನಡೆದು ಬಂದರು.

"ಮಹಾಸ್ವಾಮಿ, ಈ ಸ್ಥಿತಿಯಲ್ಲೂ ನ್ಯಾಯಾಲಯದ ಮೇಲಿನ ಗೌರವದಿಂದ ಬಂದಿದ್ದೇನೆ. ಸಾಕ್ಷ್ಯ ಒಪ್ಪಿಸಲು ಇಂದು ಕೊನೆಯ ದಿನ. ಒಪ್ಪಿಸಬೇಕಾದ ವಸ್ತುವನ್ನೇ ಎದುರು ಪಕ್ಷದವರು ದೋಚಿದ್ದಾರೆ. ಎಲ್ಲವನ್ನೂ ಬೇಸಿಗೆ ರಜೆ ಮುಗಿದ ಮೇಲಕ್ಕೆ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ. ಮೇಸ್ತ್ರಿಯ ಹೇಳಿಕೆಯನ್ನೂ."

ನ್ಯಾಯಾಧೀಶರು ಇನ್ನೊಂದು ಕಡೆ ನೋಡಿದರು. "ನಿಮ್ಮ ತಕರಾರು?"

ಧರ್ಮಾತ್ಮರು ಎದ್ದರು. ಬಿಳಿ ಕೂದಲು, ಮೃದು ಮುಖ, ಕೈಜೋಡಿಸಿಯೇ ಹುಟ್ಟಿದವರ ಹಾಗೆ ಕೈ. "ಮನುಷ್ಯತ್ವದ ಪ್ರಶ್ನೆ, ಸ್ವಾಮಿ. ಸಹೋದ್ಯೋಗಿಗೆ ಹೀಗಾಗಿರುವಾಗ ನಾನು ಹೇಗೆ ತಕರಾರು ಮಾಡಲಿ? ವಾಯಿದೆಗೆ ನನ್ನ ಒಪ್ಪಿಗೆ ಇದೆ."

"ನನ್ನ ಒಪ್ಪಿಗೆ ಇಲ್ಲ!" ಎಂದು ಹಿಂದಿನ ಬೆಂಚಿನಿಂದ ದನಿ ಬಂತು.

ಟೈಲರಮ್ಮ ಎದ್ದು ನಿಂತಿದ್ದಳು. ಜವಾನ ಕೂರಿಸಲು ಓಡಿದ. "ಮೇಸ್ತ್ರಿ ರಜೆ ಮುಗಿಯೋವರೆಗೆ ಬದುಕಲ್ಲ ಸ್ವಾಮಿ! ಇವರು ಕಾಯ್ತಿರೋದೇ ಅದಕ್ಕೆ!"

"ಅಕ್ಕ, ಸಮಾಧಾನ," ಎಂದರು ಧರ್ಮಾತ್ಮರು. ತಮ್ಮ ಕೆಲಸ ಮುಗಿಯಿತೆಂಬಂತೆ ಮುಂದಿದ್ದ ಕಡತಗಳನ್ನು ಜೋಡಿಸಿ ಕಟ್ಟತೊಡಗಿದರು.

ಗೋಡೆಗೆ ಒರಗಿದ್ದ ಇನ್ಸ್‌ಪೆಕ್ಟರ್ ಆ ಕೈಗಳನ್ನೇ ನೋಡುತ್ತಿದ್ದಳು. ಎಲ್ಲ ವಕೀಲರೂ ಕಡತಕ್ಕೆ ಕುಣಿಕೆ ಗಂಟು ಹಾಕುತ್ತಾರೆ, ಎಳೆದರೆ ಬಿಚ್ಚುವಂತೆ. ಇವರು ಹಾಗೆ ಮಾಡಲಿಲ್ಲ. ಪಟ್ಟಿಯ ಎರಡು ತುದಿಗಳನ್ನು ಒಂದರ ಮೇಲೊಂದು ಹಗ್ಗದಂತೆ ಹೊಸೆದು, ಹೊಸೆದದ್ದನ್ನು ಅಡಿಯಿಂದ ತೂರಿಸಿ, ಹೆಬ್ಬೆರಳಿನಿಂದ ಒತ್ತಿದರು. ತುದಿ ಕಾಣದ ಗಂಟು.

ಅವಳು ದಫೇದಾರನಿಗೆ ಕೈ ಮಾಡಿದಳು. ಅವನು ಚೀಲದಿಂದ ಬೆಳಗಿನ ಪಟ್ಟಿಗಳನ್ನು ತೆಗೆದ. ಕತ್ತರಿಸಿದ್ದರೂ ಗಂಟುಗಳು ಹಾಗೇ ಇದ್ದವು. ಹೊಸೆದು, ಅಡಿಯಿಂದ ತೂರಿಸಿ, ಒತ್ತಿದ್ದು. ತುದಿ ಕಾಣುತ್ತಿರಲಿಲ್ಲ.

"ಪೊಲೀಸರು ಏನಾದರೂ ಹೇಳಬೇಕೇ?" ಎಂದರು ನ್ಯಾಯಾಧೀಶರು, ಹೇಳಲಿ ಎಂಬ ಆಸೆಯೇನೂ ಇಲ್ಲದೆ.

"ಹೇಳಬೇಕು, ಸ್ವಾಮಿ."

ಆಕೆ ಮುಂದೆ ಬಂದಳು. ವಾಯಿದೆ ವಕೀಲರ ಎದುರೇ ನಿಂತಳು.

"ವಕೀಲರೇ, ನಿನ್ನೆ ಸಂಜೆಯಿಂದ ಬೆಳಿಗ್ಗೆವರೆಗೆ ಕುರ್ಚಿಯಲ್ಲೇ ಇದ್ರಿ ಅಂದ್ರಿ."

"ಹೌದು."

"ಒಮ್ಮೆಯೂ ಏಳಲಿಲ್ಲ?"

"ಹೇಗೆ ಏಳಲಿ? ಕಟ್ಟಿತ್ತಲ್ಲ."

"ಬಿಚ್ಚಿದ ಮೇಲೆ ನೀವು ವಾಯಿದೆ ಕೇಳಬೇಕು ಅಂದ್ರಿ. ನೀರು ಕುಡಿದ್ರಿ. ನನ್ನ ಹತ್ತಿರ ಅರ್ಧ ಗಂಟೆ ಮಾತಾಡಿದ್ರಿ. ನಿಮ್ಮ ವಯಸ್ಸಿನವರು ರಾತ್ರಿಯಿಡೀ ಕಟ್ಟಿಸಿಕೊಂಡು ಕೂತಿದ್ದರೆ ಬಿಚ್ಚಿದ ತಕ್ಷಣ ಓಡೋ ಜಾಗ ಒಂದೇ. ನೀವು ಆ ಕಡೆ ತಿರುಗಿಯೂ ನೋಡಲಿಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಗೊಳ್ಳೆಂದರು. ನ್ಯಾಯಾಧೀಶರು ಮೇಜು ತಟ್ಟಿದರು. ಅವರ ತುಟಿಯ ತುದಿಯೂ ನೆಟ್ಟಗಿರಲಿಲ್ಲ.

"ಅದು ಸಾಕ್ಷ್ಯವೇ, ಸ್ವಾಮಿ?" ಎಂದು ಚೀರಿದರು ವಾಯಿದೆ ವಕೀಲರು.

"ಅಲ್ಲ. ಇದು ಸಾಕ್ಷ್ಯ." ಆಕೆ ದಫೇದಾರನನ್ನು ಭುಜ ಹಿಡಿದು ಮುಂದೆ ನಿಲ್ಲಿಸಿದಳು. "ಇವನು ನಿನ್ನೆ ಸಂಜೆ ಗಡ್ಡ ಕೆರೆದು ರಾತ್ರಿ ಡ್ಯೂಟಿಗೆ ಬಂದವನು. ಕೆನ್ನೆ ನೋಡಿ. ವಕೀಲರು ಗಡ್ಡ ಕೆರೆದಿದ್ದರೆ ನಿನ್ನೆ ಬೆಳಿಗ್ಗೆ ಕೆರೆದಿರಬೇಕು. ಇವನಿಗಿಂತ ಒರಟಾಗಿ ಇರಬೇಕಿತ್ತು. ಬೆಳಿಗ್ಗೆ ನಾನು ನೀರು ಕುಡಿಸುವಾಗ ಅವರ ಗದ್ದ ಬೆಣ್ಣೆಯ ಹಾಗಿತ್ತು. ಘಮ್ಮೆನ್ನುತ್ತಿತ್ತು. ಔಷಧಿ ಅಂಗಡಿಯವನೂ ಇದ್ದ, ಕೇಳಿ. ರಾತ್ರಿ ಕಟ್ಟಿಹಾಕಿದ ಕಳ್ಳ ಬೆಳಿಗ್ಗೆ ಬಂದು ಗಡ್ಡವನ್ನೂ ಕೆರೆದು ಹೋದನಾ?"

"ನನಗೆ ಗಡ್ಡ ಕಡಿಮೆ!"

ನ್ಯಾಯಾಧೀಶರು ಕನ್ನಡಕ ತೆಗೆದು ಅವರನ್ನು ನೋಡಿದರು. "ವಕೀಲರೇ, ಸಂಜೆ ಹೊತ್ತಿಗೆ ನಿಮ್ಮ ಗಡ್ಡ ಎಷ್ಟು ಬರುತ್ತದೆ ಎಂದು ವರ್ಷಾನುಗಟ್ಟಲೆ ನೋಡಿದ್ದೇನೆ. ನೋಡದೆ ನನಗೆ ಬೇರೆ ದಾರಿ ಇರಲಿಲ್ಲ. ಇನ್ಸ್‌ಪೆಕ್ಟರ್, ಮುಂದುವರಿಸಿ."

"ಇವರು ಬೆಳಿಗ್ಗೆ ಮನೆಯಲ್ಲಿ ಎಂದಿನಂತೆ ಸಿಂಗಾರ ಮಾಡಿಕೊಂಡು ಕಚೇರಿಗೆ ಬಂದಿದ್ದಾರೆ. ಕಸ ಗುಡಿಸುವವಳು ಬರುವ ಸ್ವಲ್ಪ ಮೊದಲು ಕುರ್ಚಿಗೆ ಕಟ್ಟಿಸಿಕೊಂಡಿದ್ದಾರೆ. ಕಟ್ಟಿಸಿಕೊಂಡಿದ್ದಾರೆ ಅಂದೆ, ಯಾಕೆಂದರೆ ಬೆನ್ನ ಹಿಂದೆ ಕೈ ಬಿಗಿದು ಅಂಥ ಗಂಟನ್ನು ಯಾರೂ ತಾವೇ ಹಾಕಿಕೊಳ್ಳಲಾರರು. ಇನ್ನೊಬ್ಬ ಇದ್ದ. ಕಣ್ಣಿಗೆ ಕಟ್ಟಿದ ಕರವಸ್ತ್ರ ಡ್ರೈವರನದ್ದು, ಒಪ್ಪುತ್ತೇನೆ. ಆದರೆ ಅದು ಡ್ರೈವರನ ಹತ್ತಿರ ಇರಲಿಲ್ಲ. ಒಂದು ಕಚೇರಿಯ ಕಿಟಕಿಯಲ್ಲಿ ಮರೆತುಹೋಗಿತ್ತು. ಇಲ್ಲೇ ಇದೆ, ಕೋರ್ಟಿಗೆ ತಂದುಕೊಡ್ತೀನಿ ಅಂತ ಆ ಕಚೇರಿಯವರು ಫೋನಿನಲ್ಲಿ ಹೇಳಿದ್ದರು."

ಟೈಲರಮ್ಮನ ಕೈ ಬಾಯಿಗೆ ಹೋಯಿತು.

"ಧರ್ಮಾತ್ಮರೇ, ತಂದಿದ್ದೀರಾ ಕರವಸ್ತ್ರ?"

ಧರ್ಮಾತ್ಮರು ಮುಗುಳ್ನಕ್ಕರು. ನಗು ಮುಖದ ಒಂದೇ ಬದಿಗೆ ಬಂತು. "ಯಾರೋ ಕಿಟಕಿಯಿಂದ ತೆಗೆದಿರಬಹುದು. ನೂರು ಜನ ಬಂದು ಹೋಗ್ತಾರೆ."

"ಬರಬಹುದು. ಈ ಗಂಟನ್ನೂ ನೂರು ಜನ ಹಾಕ್ತಾರಾ?"

ಆಕೆ ಕತ್ತರಿಸಿದ ಪಟ್ಟಿಗಳನ್ನು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಧರ್ಮಾತ್ಮರು ಈಗಷ್ಟೇ ಕಟ್ಟಿದ ಕಡತವನ್ನು ಇಟ್ಟಳು. ಮುಂದಿನ ಸಾಲಿನ ವಕೀಲರೆಲ್ಲ ಕತ್ತು ಚಾಚಿದರು. ಒಂದೇ ಕೈಯ ಕೆಲಸ ಎಂದು ಗಂಟುಗಳೇ ಹೇಳುತ್ತಿದ್ದವು.

"ಸತ್ತವಳ ಪರ ವಕೀಲರು, ಸಾಯಿಸಿದವರ ಪರ ವಕೀಲರನ್ನು ಕುರ್ಚಿಗೆ ಕಟ್ಟಿದ್ದಾರೆ," ಎಂದಳು ಇನ್ಸ್‌ಪೆಕ್ಟರ್. "ಬ್ರೇಕಿನ ತುಂಡು ಸುಮ್ಮನೆ ಕಾಣೆಯಾದರೆ ಕೋರ್ಟು ಕಂಪನಿಯನ್ನು ಕೇಳುತ್ತದೆ. ಡ್ರೈವರ್ ಕದ್ದ ಅಂತಾದರೆ ಕೋರ್ಟಿನ ಸಿಟ್ಟೆಲ್ಲ ಈ ಅಮ್ಮನ ಮೇಲೆ. ಜೊತೆಗೆ ಉದ್ದನೆಯ ವಾಯಿದೆ. ಅಷ್ಟರಲ್ಲಿ ಮೇಸ್ತ್ರಿ ಇರುವುದಿಲ್ಲ. ತಲೆಗೆ ಒಂದು ಏಟು ಬಿದ್ದರೆ ಇಷ್ಟೂ ಲಾಭ. ಧರ್ಮಾತ್ಮರಿಗೆ ಏನು ಆಸೆ ತೋರಿಸಿದರು ಅಂತ ಮಾತ್ರ ನನಗೆ ಗೊತ್ತಿಲ್ಲ."

ಅದನ್ನು ಅವಳು ಪತ್ತೆ ಹಚ್ಚಬೇಕಾಗಲಿಲ್ಲ.

"ಮೆತ್ತಗೆ ಹೊಡಿ ಅಂದಿದ್ದೆ," ಎಂದರು ವಾಯಿದೆ ವಕೀಲರು, ಬ್ಯಾಂಡೇಜು ಹಿಡಿದುಕೊಂಡು. ದನಿಯಲ್ಲಿ ಅಳು ಇತ್ತು. "ಪೇಪರ್‌ವೇಟಿನಿಂದ ಹೊಡೆದ, ದರಿದ್ರದವನು. ಗಂಟು ಹಾಕೋಕೂ ಬರಲ್ಲ!"

"ನೀನು ಬಾಯಿ ಮುಚ್ಚು!" ಎಂದರು ಧರ್ಮಾತ್ಮರು. ಮೃದು ಮುಖ ಎಲ್ಲಿ ಹೋಯಿತೋ. "ಒಂದು ದಿನ ಗಡ್ಡ ಬಿಡೋಕೆ ನಿನಗೇನು ಬಂದಿತ್ತು ರೋಗ?"

"ಕಂಪನಿಯ ಕಾಯಂ ವಕೀಲನ ಕುರ್ಚಿ ಬೇಕು ಅಂತ ನನ್ನ ಮನೆ ಬಾಗಿಲಿಗೆ ಬಂದವನು ನೀನು! ಸ್ವಾಮಿ, ತುಂಡು ನನ್ನ ಹತ್ತಿರ ಇಲ್ಲ. ಕುರ್ಚಿ ಸಿಗೋವರೆಗೆ ಕೊಡಲ್ಲ ಅಂತ ಇವನೇ ಕಾರಿನಲ್ಲಿ ಇಟ್ಕೊಂಡಿದ್ದಾನೆ!"

ಇನ್ಸ್‌ಪೆಕ್ಟರ್ ಇಬ್ಬರನ್ನೂ ನೋಡಿದಳು. ಒಬ್ಬನ ಬ್ಯಾಂಡೇಜು ಕಣ್ಣಿಗೆ ಜಾರಿತ್ತು. ಇನ್ನೊಬ್ಬನ ಬಾಯಿಂದ ಉಗುಳು ಹಾರುತ್ತಿತ್ತು. ಕಳ್ಳತನವನ್ನಾದರೂ ನೆಟ್ಟಗೆ ಮಾಡಲು ಬಾರದ ಇವರ ಕೈಯಲ್ಲಿ ಜನ ತಮ್ಮ ಬದುಕು ಇಟ್ಟು ಹೋಗುತ್ತಾರಲ್ಲ ಎಂದು ಅವಳಿಗೆ ಮೈ ಉರಿಯಿತು.

"ಕಾರಿನ ಬೀಗದ ಕೈ," ಎಂದು ಅಂಗೈ ಚಾಚಿದಳು.

ಧರ್ಮಾತ್ಮರು ಕೊಡಲಿಲ್ಲ. ದಫೇದಾರ ಅವರ ಕೋಟಿನ ಜೇಬಿಗೆ ಕೈ ಹಾಕಿ ತೆಗೆದ.

ಬ್ರೇಕಿನ ತುಂಡು ಕಾರಿನ ಡಿಕ್ಕಿಯಲ್ಲಿ, ಹೆಚ್ಚುವರಿ ಚಕ್ರದ ಕೆಳಗೆ, ಹಳೆ ಟವೆಲಿನಲ್ಲಿ ಸುತ್ತಿ ಇತ್ತು. ಅಂಗೈಯಗಲದ ಕಬ್ಬಿಣ. ಹಿಡಿತಕ್ಕೆ ಇರಬೇಕಾದ ಪಟ್ಟಿ ಪೂರ್ತಿ ಸವೆದು ಬರಿ ಲೋಹ ಹೊಳೆಯುತ್ತಿತ್ತು. ಅದನ್ನು ನೋಡಲು ತಜ್ಞರು ಬೇಕಿರಲಿಲ್ಲ. ಬಸ್ ಓಡಿಸುವ ಡ್ರೈವರ್ ಒಂದು ಸಲ ನೋಡಿ ಮುಖ ತಿರುಗಿಸಿಕೊಂಡ.

ಧರ್ಮಾತ್ಮರನ್ನು ಜೀಪಿಗೆ ಹತ್ತಿಸುವಾಗ ಟೈಲರಮ್ಮ ಎದುರು ಬಂದು ನಿಂತಳು. ಬಯ್ಯುತ್ತಾಳೆಂದು ಎಲ್ಲರೂ ಕಾದರು.

"ನಮ್ಮನೇಲಿ ಊಟ ಮಾಡಿದ್ರಲ್ಲ," ಎಂದಳು. "ನನ್ನ ಮೊಮ್ಮಗಳು ನಿಮಗೆ ಬಡಿಸಿದಳಲ್ಲ."

ಅವರು ತಲೆ ತಗ್ಗಿಸಿ ಒಳಗೆ ಕೂತರು.

* * *

ನ್ಯಾಯಾಧೀಶರು ವಾಯಿದೆ ಕೊಡಲಿಲ್ಲ. ಕೋಟು ಕೂಡ ಬದಲಿಸದೆ, ಬೆರಳಚ್ಚುಗಾರನನ್ನು ಕರೆದುಕೊಂಡು, ತಾವೇ ಆಸ್ಪತ್ರೆಗೆ ಹೊರಟರು. ಕಂಪನಿಯ ಪರವಾಗಿ ಉಳಿದಿದ್ದ ಜೂನಿಯರ್ ಹಿಂದೆ ಓಡಿದ.

ವಾರ್ಡಿನ ಕೊನೆಯ ಮಂಚದಲ್ಲಿ ಮೇಸ್ತ್ರಿ ಮಲಗಿದ್ದ. ಮೂಗಿಗೆ ನಳಿಕೆ. ದೊಡ್ಡ ಕೈಗಳು ಹೊದಿಕೆಯ ಮೇಲೆ ಕೆಲಸವಿಲ್ಲದೆ ಬಿದ್ದಿದ್ದವು. ನರ್ಸು ದಿಂಬು ಎತ್ತರಿಸಿದಳು.

"ನಿಮ್ಮ ಪರ ಪ್ರಶ್ನೆ ಕೇಳಲು ವಕೀಲರಿಲ್ಲ," ಎಂದರು ನ್ಯಾಯಾಧೀಶರು ಟೈಲರಮ್ಮನಿಗೆ. "ಬೇರೆಯವರನ್ನು ಗೊತ್ತುಮಾಡಿಕೊಳ್ಳುತ್ತೀರಾ?"

"ಬೇಡ ಸ್ವಾಮಿ. ವಕೀಲರು ಸಾಕು. ನಾನೇ ಕೇಳ್ತೀನಿ."

ಸ್ಟೂಲು ಎಳೆದುಕೊಂಡು ಕೂತಳು. ಆಮೇಲೆ, "ಮೇಸ್ತ್ರಿ, ನನ್ನ ಸೊಸೆಯ ತಪ್ಪು ಏನಾದರೂ ಇತ್ತಾ?" ಎಂದಳು.

ಮೇಸ್ತ್ರಿ ಉಸಿರು ಕೂಡಿಸಿಕೊಂಡ. "ಅವಳದಾ? ಅವಳೇ ಅಲ್ವಾ ಅಮ್ಮ ಮೊದಲು ಹೇಳಿದ್ದು. ಮೇಸ್ತ್ರಣ್ಣ, ಇದು ನಿಲ್ಲುವಾಗ ಕಿರ್ ಅನ್ನುತ್ತೆ, ಒಂಚೂರು ನೋಡಿ ಅಂತ. ನೋಡಿದೆ. ಬ್ರೇಕು ತಿಂದುಹೋಗಿತ್ತು. ಮ್ಯಾನೇಜರ್‌ಗೆ ಹೇಳಿದೆ. ದೊಡ್ಡ ಆರ್ಡರ್ ಇದೆ,‌ ಮುಗೀಲಿ ಅಂದ್ರು. ಹತ್ತಬೇಡಿ ಅಂತ ಹಲಗೆ ತೂಗುಹಾಕಿದೆ. ಅದನ್ನೂ ಕೀಳಿಸಿದ್ರು."

ಬೆರಳಚ್ಚುಗಾರನ ಯಂತ್ರ ಟಕಟಕ ಎಂದಿತು. ನ್ಯಾಯಾಧೀಶರು ಜೂನಿಯರ್ ಕಡೆ ತಿರುಗಿದರು. "ಕೇಳುವುದಿದ್ದರೆ ಕೇಳಿ."

"ಸ್ವಾಮಿ, ಕಡತ ಓದಿಕೊಳ್ಳಲು ಸ್ವಲ್ಪ ಕಾಲಾವಕಾಶ..."

ವಾರ್ಡಿನಲ್ಲಿ ಯಾರೋ ನಕ್ಕರು. ನರ್ಸು ಕೂಡ. ನ್ಯಾಯಾಧೀಶರು ಅವನನ್ನು ಸುಮ್ಮನೆ ನೋಡಿದರು. ಅವನು ಗಂಟಲು ಸರಿಮಾಡಿಕೊಂಡ.

"ಅದು ಸಾಮಾನಿನ ಲಿಫ್ಟು. ಮನುಷ್ಯರು ಹತ್ತಬಾರದು ಅಂತ ಆಕೆಗೆ ಗೊತ್ತಿತ್ತೋ ಇಲ್ಲವೋ?"

"ಗೊತ್ತಿತ್ತು," ಎಂದ ಮೇಸ್ತ್ರಿ. ಜೂನಿಯರ್ ಮುಖ ಅರಳಿತು. ಮೇಸ್ತ್ರಿ ಇನ್ನೂ ಮುಗಿಸಿರಲಿಲ್ಲ. "ಎಲ್ಲರಿಗೂ ಗೊತ್ತಿತ್ತು. ಮೆಟ್ಟಿಲಿಗೆ ಬೀಗ ಹಾಕಿದ್ರಲ್ಲ ಸ್ವಾಮಿ. ಕೆಲಸ ಬಿಟ್ಟು ಕೆಳಗೆ ಹೋಗಿ ಹರಟೆ ಹೊಡೀತಾರೆ ಅಂತ. ಕೆಳಗೆ ಬರೋಕೆ ಅದು ಬಿಟ್ಟರೆ ಬೇರೆ ದಾರಿ ಎಲ್ಲಿತ್ತು?"

ಯಂತ್ರದ ಸದ್ದು ನಿಂತಿತು. ಈ ಮಾತು ಇಷ್ಟು ದಿನ ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಡ್ರೈವರ್ ಗೋಡೆಗೆ ಹಣೆ ಒತ್ತಿ ನಿಂತ. ಅವನ ಭುಜ ಅಲುಗುತ್ತಿತ್ತು.

"ಬರೆದುಕೋ," ಎಂದರು ನ್ಯಾಯಾಧೀಶರು ಬೆರಳಚ್ಚುಗಾರನಿಗೆ, ಮೆಲ್ಲನೆ. "ಒಂದಕ್ಷರ ಬಿಡದೆ ಬರೆದುಕೋ."

ಮೇಸ್ತ್ರಿ ರಜೆ ಮುಗಿಯುವ ಮೊದಲೇ ತೀರಿಕೊಂಡ. ಅವನ ಹೇಳಿಕೆ ಉಳಿಯಿತು. ಫ್ಯಾಕ್ಟರಿಯ ಮ್ಯಾನೇಜರನನ್ನು ಹಿಡಿಯಲು ಅದೇ ಸಾಕಾಯಿತು. ದಾವೆಯೂ ಟೈಲರಮ್ಮನ ಪರ ಆಯಿತು. ಇಬ್ಬರು ವಕೀಲರ ಸನ್ನದು ಹೋಯಿತು. ಆದರೆ ಅದೆಲ್ಲ ಆಮೇಲಿನ ಮಾತು.

ಆ ಸಂಜೆ ಎಲ್ಲರೂ ಎದ್ದು ಹೋದ ಮೇಲೂ ಟೈಲರಮ್ಮ ಸ್ಟೂಲಿನಲ್ಲೇ ಇದ್ದಳು. ಇನ್ಸ್‌ಪೆಕ್ಟರ್ ಬಾಗಿಲಲ್ಲಿ ನಿಂತು ಕಾದಳು, ಮನೆಗೆ ಬಿಟ್ಟು ಬರೋಣ ಎಂದು. ಮೇಸ್ತ್ರಿ ಇನ್ನೂ ಏನೋ ಹೇಳಲು ತುಟಿ ಅಲುಗಿಸುತ್ತಿದ್ದ. ಟೈಲರಮ್ಮ ಅವನ ದೊಡ್ಡ ಕೈಯನ್ನು ಹೊದಿಕೆಯೊಳಗೆ ಸೇರಿಸಿದಳು.

"ಸಾಕು ಮೇಸ್ತ್ರಿ," ಎಂದಳು. "ಎಲ್ಲಾ ಹೇಳಿ ಆಯ್ತು. ಈಗ ಮಲಗಿ."